ಹದಿನಾಲ್ಕಾಣೆ ನೋವು

9 ಜೂನ್ 2008, ಸೋಮವಾರ

ಮತ್ತೆ ಮಾರ್ನಿಂಗ್ ಶಿಫ್ಟ್. ಬಿಟಿಎಂನಿಂದ ಜಯನಗರದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಎಂಟಕ್ಕೆ ಎಲ್ಲರ ಬಿಪಿ, ಟೆಂಪರೇಚರ್. ಈಗ ಅದರ ಜೊತೆ ನೋವಿನ ನಂಬರ್ ಬೇರೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಪೇಷೆಂಟನ್ನೇ ಕೇಳಿ ಶೀಟಿನಲ್ಲಿ ಬರೆಯಬೇಕು. ಏಳು ದಾಟಿದರೆ ದೊಡ್ಡ ಡಾಕ್ಟರಿಗೆ ಫೋನ್.

ಹನ್ನೊಂದಕ್ಕೆ ಕೆಂಚವ್ವ ಎಂಬುವವಳು ಅಡ್ಮಿಟ್. ಐವತ್ತೈದರ ಮೇಲಿದೆ ವಯಸ್ಸು. ಇಟ್ಟಮಡುವಿನಲ್ಲಿ ಕಟ್ಟಡದ ಕೆಲಸ. ಕುಷ್ಟಗಿ ಕಡೆಯವಳು — ನನ್ನೂರಿಗೆ ಹತ್ತು ಮೈಲಿ. ಹೊಟ್ಟೆನೋವು. "ಯವ್ವಾ, ಸತ್ನೆವ್ವಾ" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ನಮ್ಮ ಕಡೆ ಹೆಂಗಸರು ನೋವು ನುಂಗಿಕೊಂಡು ಮಲಗುವುದಿಲ್ಲ, ಕೂಗಿ ಹೇಳುತ್ತಾರೆ. ನೋವು ಎಷ್ಟಿದೆ ಎಂದು ಕೇಳಿದೆ, ಬೆಂಗಳೂರು ಕನ್ನಡದಲ್ಲೇ. "ಹದಿನಾಲ್ಕಾಣೆ ಐತಿ ತಂಗಿ" ಅಂದಳು.

ಇಂಚಾರ್ಜ್ ಸಿಸ್ಟರ್ ಅಂಜನಮ್ಮನವರಿಗೆ ನಗು. "ನಿಮ್ ಕಡೆಯವ್ರು ಯಾವಾಗ್ಲೂ ಹಿಂಗೇ ಕಣೆ ಶೈಲಾ. ಮುಳ್ಳು ಚುಚ್ಚಿದ್ರೂ ಊರಿಗೆಲ್ಲಾ ಕೇಳ್ಬೇಕು." ಉಳಿದವರೂ ನಕ್ಕರು. ಮೈಯೆಲ್ಲ ಉರಿಯಿತು. ಬೇಗ ಬೇಗ ಶೀಟ್ ತುಂಬಿಸಿ ಮುಂದಿನ ಬೆಡ್ಡಿಗೆ ಹೋದೆ. ಡ್ಯೂಟಿ ಡಾಕ್ಟರ್ ಶೀಟ್ ನೋಡಿ, ಗ್ಯಾಸ್ಟ್ರಿಕ್ ಇರಬಹುದು, ಸ್ಕ್ಯಾನ್ ನಾಳೆ ಆಗಲಿ ಅಂದರು.

10 ಜೂನ್, ಮಧ್ಯಾಹ್ನ 3

ಬೆಳಿಗ್ಗೆ ಡ್ಯೂಟಿಗೆ ಬರುವಷ್ಟರಲ್ಲಿ ಕೆಂಚವ್ವ ಆಪರೇಷನ್ ಥಿಯೇಟರಿನಲ್ಲಿ. ಅಪೆಂಡಿಕ್ಸ್ ಒಡೆದಿದೆ. ಹೊಟ್ಟೆಯೆಲ್ಲ ಕೀವು. ಗಂಡ ಕರೆಪ್ಪ ಕಾರಿಡಾರಿನಲ್ಲಿ ಟವೆಲ್ ಹಿಡಿದು ನಿಂತಿದ್ದ. "ನಿನ್ನೇನ ಹೇಳಿದ್ಲಲ್ರೀ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಯಾರೂ ನಿಲ್ಲಲಿಲ್ಲ. ನಾನೂ.

11 ಜೂನ್

ಕೆಂಚವ್ವ ಐಸಿಯುನಲ್ಲಿ. ಜ್ವರ ಇಳಿದಿಲ್ಲ.

ಅಂಜನಮ್ಮನ ನಗು ಕಿವಿಯಿಂದ ಹೋಗುತ್ತಿಲ್ಲ. ನಾನು ಸೇರಿದ ಹೊಸದರಲ್ಲಿ "ಹೌದ್ರೀ" ಅಂದರೆ ಸಾಕು, ಊಟದ ರೂಮಿನಲ್ಲಿ ಎಲ್ಲರೂ ಅದನ್ನೇ ಹೇಳಿ ನಗುತ್ತಿದ್ದರು. ಆರು ತಿಂಗಳಲ್ಲಿ ನನ್ನ ಮಾತನ್ನು ಪೂರ್ತಿ ಬಿಟ್ಟೆ. ಈಗ ಒಂದು ಜೀವ ಹೋಗುವ ಹಾಗಾಗಿದೆ, ಇವರಿಗೆ ಇನ್ನೂ ತಮಾಷೆ. ಎಂಥ ಜನ!

19 ಜೂನ್

ನೋಟಿಸ್ ಹಾಕಿದ್ದಾರೆ. ಶನಿವಾರ ಎಲ್ಲ ನರ್ಸ್‌ಗಳಿಗೆ ಟ್ರೈನಿಂಗ್ — ಇಂಪ್ಲಿಸಿಟ್ ಬಯಾಸ್. ನಮಗೇ ಗೊತ್ತಿಲ್ಲದೆ ಮನಸ್ಸಿನಲ್ಲಿ ಕೂತಿರುವ ತಾರತಮ್ಯವಂತೆ. ಡಾಕ್ಟರುಗಳಿಗೆ ಯಾಕಿಲ್ಲ? ಅವರಿಗೆ ಮನಸ್ಸೇ ಇಲ್ಲವೇನೋ. ಇರಲಿ. ಅಂಜನಮ್ಮನ ಎದುರಿನ ಕುರ್ಚಿಯಲ್ಲೇ ಕೂರುತ್ತೇನೆ. ಅವರ ಮುಖ ನೋಡಬೇಕು.

21 ಜೂನ್, ಶನಿವಾರ, ಸಂಜೆ

ಬರೆಯಲು ಕೈ ಬರುತ್ತಿಲ್ಲ.

ಟ್ರೈನರ್ ಉಮಾಮಹೇಶ್ವರಿ ಮೇಡಂ ಹಳೆಯ ಶೀಟುಗಳ ಜೆರಾಕ್ಸ್ ತಂದಿದ್ದರು. ಪೇಷೆಂಟ್ ಹೆಸರು, ನರ್ಸ್ ಹೆಸರು, ಎರಡರ ಮೇಲೂ ಬಿಳಿ ಚೀಟಿ. ಪೇಷೆಂಟ್ ಹೇಳಿದ್ದಕ್ಕೂ ನಾವು ಬರೆದದ್ದಕ್ಕೂ ಎಷ್ಟು ಅಂತರ ಎಂದು ನಾವೇ ಹುಡುಕಬೇಕಿತ್ತು. ಐದನೆಯ ಶೀಟ್ ಗೋಡೆಯ ಮೇಲೆ ಬಂತು.

ಪೇಷೆಂಟ್ ಹೇಳಿದ್ದು: 14 ಆಣೆ. ನೋವು: 4. ಕೂಗಾಟ ಜಾಸ್ತಿ.

ನನ್ನ ಅಕ್ಷರ.

ಹದಿನಾಲ್ಕಾಣೆ ಅಂದರೆ ಎಷ್ಟು, ಯಾರಿಗಾದರೂ ಗೊತ್ತಾ ಎಂದು ಮೇಡಂ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಮ್ಮಜ್ಜಿ ಮಳೆ, ಬೆಳೆ, ಜ್ವರ ಎಲ್ಲವನ್ನೂ ಆಣೆಯಲ್ಲೇ ಹೇಳುತ್ತಿದ್ದಳು. ಹದಿನಾರಾಣೆ ಅಂದರೆ ಪೂರ್ತಿ. ಹದಿನಾಲ್ಕು ಅಂದರೆ ಹತ್ತಕ್ಕೆ ಹತ್ತಿರಹತ್ತಿರ ಒಂಬತ್ತು. ಆ ಇಡೀ ವಾರ್ಡಿನಲ್ಲಿ ಅದು ಅರ್ಥವಾಗುತ್ತಿದ್ದದ್ದು ನನಗೊಬ್ಬಳಿಗೆ. ನಾನೇ ನಾಲ್ಕು ಬರೆದೆ. ಒಂಬತ್ತು ಬರೆದರೆ, ತನ್ನ ಕಡೆಯವಳೆಂದು ಶೈಲಾನೂ ಕುಣಿಯುತ್ತಾಳೆ ಅಂದುಕೊಂಡು ಮತ್ತೆ ನಗುತ್ತಾರೆ ಎಂದು.

ಅಂಜನಮ್ಮ ಹೇಳಿದ್ದು ಕೇಳಬೇಕು: "ಪಾಪ, ಯಾರ್ ಬರೆದ್ರೋ. ಹಿಂಗ್ ಮಾಡ್ಬಾರ್ದಿತ್ತು." ತಾವು ನಕ್ಕದ್ದು ನೆನಪೇ ಇಲ್ಲ! ಎದ್ದು ನಿಂತು ಕಿರುಚಬೇಕೆನಿಸಿತು. ಆದರೆ ನಕ್ಕದ್ದು ಅವರು, ಬರೆದದ್ದು ನಾನು. ಚೀಟಿಯ ಕೆಳಗೆ ಇದ್ದದ್ದು ನನ್ನ ಹೆಸರು. ಕುರ್ಚಿಯಲ್ಲೇ ಕೂತಿದ್ದೆ.

ಇನ್ನು ಮುಂದೆ ಪೇಷೆಂಟ್ ಹೇಳಿದ ನಂಬರ್ ಮೊದಲು, ನಮ್ಮ ಅನಿಸಿಕೆ ಆಮೇಲೆ. ಅನುಮಾನವಿದ್ದರೆ ಇನ್ನೊಬ್ಬ ನರ್ಸ್ ಬಂದು ಬೇರೆಯಾಗಿ ಕೇಳಬೇಕು. ಒಳ್ಳೆಯ ನಿಯಮ. ಎಲ್ಲರಿಗೂ ಸರ್ಟಿಫಿಕೇಟ್ ಕೊಟ್ಟರು. ನನಗೂ. ಬ್ಯಾಗಿನ ತಳದಲ್ಲಿ ತುರುಕಿದ್ದೇನೆ, ನಾಚಿಕೆಗೇಡು.

26 ಜೂನ್, ಮಧ್ಯಾಹ್ನ

ಕೆಂಚವ್ವ ವಾರ್ಡಿಗೆ ವಾಪಸ್. ಅರ್ಧಕ್ಕರ್ಧ ಇಳಿದುಹೋಗಿದ್ದಾರೆ. ಎಂಟರ ರೌಂಡಿನಲ್ಲಿ ಹೋದೆ. ಎಷ್ಟೋ ದಿನದ ಮೇಲೆ ನನ್ನ ಮಾತು ಬಾಯಿಗೆ ಬಂತು. "ಹೆಂಗದೀರಿ ಯವ್ವಾ? ಈಗ ಎಷ್ಟಾಣೆ ಐತಿ?"

ಅಂಜನಮ್ಮ ತಿರುಗಿ ನೋಡಿದರು. ನೋಡಲಿ.

ಎರಡಾಣೆ ಅಂದರು. ಎರಡಾಣೆಯೆಂದೇ ಬರೆದೆ, ಪಕ್ಕದಲ್ಲಿ ಹತ್ತಕ್ಕೆ ಒಂದು ಎಂದು. ಕೆಂಚವ್ವ ನನ್ನ ಕೈ ಹಿಡಿದುಕೊಂಡರು.

"ನೀ ಎಷ್ಟ ಬೆಂಗ್ಳೂರ ಮಾತಾಡಿದ್ರೂ ನಿನ್ನ ಮಾರಿ ನಮ್ಮ ಕಡೀದು ಅಂತ ಅವತ್ತ ಗೊತ್ತಾತು. ಅದಕ್ಕ ನಿನಗ ಆಣೆದಾಗ ಹೇಳಿದ್ನಿ. ಇಲ್ಲಿ ಮಂದಿಗೆ ತಿಳೀಲಿಲ್ಲಂದ್ರೂ ನಿನಗ ತಿಳೀತೈತಿ ಅಂತ. ಅವತ್ತ ನೀ ಎಷ್ಟ ಬರದಿ ತಂಗಿ?"

ಹೇಳಲೇಬೇಕಿತ್ತು. ಬಾಯಿ ತೆರೆದೆ. "ನಾಲ್ಕ ಬರದ್ನಿ ಯವ್ವಾ" ಅಂದೆ.