ಮೂರನೆಯ ಹೊಲ

ಮನೆಯಿಂದ, ಕಂಪ್ಯೂಟರ್ ಮೇಜು
ಜೂನ್ ೧೩, ಶನಿವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೆ? ಕೆಮ್ಮು ನಿಂತಿತೇ? ಒದ್ದೆ ತಲೆಯಲ್ಲಿ ಚಿಕ್ಕಮ್ಮನ ಮನೆಯ ಫ್ಯಾನಿನ ಕೆಳಗೆ ಮಲಗಬೇಡ. ಫೋನ್ ಮಾಡಿದರೆ ಎತ್ತುವುದಿಲ್ಲ ನೀನು, ಅದಕ್ಕೇ ಈ ಕಾಗದ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಊರು ಮಾತ್ರ ಚೆನ್ನಾಗಿಲ್ಲ.

ಕೆಲಸ ಬಿಟ್ಟು ಬಂದು ಎಂಟು ತಿಂಗಳು ಖಾಲಿ ಕೂತಿದ್ದೀಯಲ್ಲ ಎಂದು ನಾನು ಒಂದು ಮಾತು ಆಡಿದ್ದಕ್ಕೆ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟೆ. ಹೋಗುವವಳು ಸುಮ್ಮನೆ ಹೋದೆಯಾ? ಬಾಗಿಲಲ್ಲಿ ತಿರುಗಿ, "ಗೇಮಲ್ಲಿರೋ ನನ್ನ ಊರನ್ನಾದ್ರೂ ನೋಡ್ಕೋ ಅಮ್ಮಾ, ಮುಚ್ಚಿಟ್ರೂ ಅದು ನಡೀತಾನೇ ಇರತ್ತೆ" ಅಂದೆ. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಮುನ್ನೂರು ಜನ, ಮೂರು ಹೊಲ. ಪರದೆಯ ಅಂಚಿಗೆ ನೀನು ಅಂಟಿಸಿದ ಚೀಟಿ ಓದಿದೆ: ಒಂದರಲ್ಲಿ ಗೋಧಿ, ಒಂದರಲ್ಲಿ ಬಟಾಣಿ, ಒಂದು ಖಾಲಿ, ಪ್ರತಿ ವರ್ಷ ಅದಲುಬದಲು. ಇಪ್ಪತ್ತೆಂಟು ವರ್ಷ ಶಾಲೆಯ ಟೈಮ್‌ಟೇಬಲ್ ಹಾಕಿದವಳಿಗೆ ಇದೇನು ಮಹಾ ಅಂದುಕೊಂಡೆ. ಆದರೆ ಆ ಖಾಲಿ ಹೊಲ ಕಣ್ಣಿಗೆ ಚುಚ್ಚುತ್ತಿತ್ತು. ನನ್ನ ಟೈಮ್‌ಟೇಬಲಿನಲ್ಲಿ ಖಾಲಿ ಪಿರಿಯಡ್ ಎಂಬುದೇ ಇರಲಿಲ್ಲ. ಡ್ರಾಯಿಂಗ್ ಮಾಸ್ತರು ರಜೆ ಹಾಕಿದರೆ ಅಲ್ಲಿಗೆ ಗಣಿತ ತುರುಕುತ್ತಿದ್ದೆ. ಇಲ್ಲಿ ಗೋಧಿ ತುರುಕಿದೆ. ಅಲ್ಲಿಯ ವರ್ಷವೆಂದರೆ ನಮ್ಮ ಒಂದು ವಾರ ತಾನೆ? ಮೊದಲ ವರ್ಷ ಕಣಜ ತುಂಬಿತು. ಅಪ್ಪನನ್ನು ಕರೆದು ತೋರಿಸಿ ಬೀಗಿದೆ. "ಅವಳು ಖಾಲಿ ಬಿಡು ಅಂದಿದ್ಲಲ್ವೇನೇ" ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯ ವರ್ಷ ಅರ್ಧ ಬೆಳೆ ಬಂತು. ಮೂರನೆಯ ವರ್ಷ ಪೈರು ಮೊಣಕಾಲೆತ್ತರಕ್ಕೇ ಹಳದಿಯಾಗಿ ನಿಂತುಬಿಟ್ಟಿತು. ಮಾಡಿದ್ದುಣ್ಣೋ ಮಹಾರಾಯ!

ಈಗ ಆ ಜನರ ಕಾಟ ಕೇಳು. ಕಮ್ಮಾರ ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟ. ಬೇಕರಿಯವನು ಒಲೆ ಆರಿಸಿ ಗಾಡಿಗೆ ಸಾಮಾನು ಹೇರುತ್ತಿದ್ದಾನೆ. ಉಳಿದವರು ತಲೆಯ ಮೇಲೆ ಹಸಿವಿನ ಕೆಂಪು ಗುರುತು ಹೊತ್ತು ತಿರುಗುತ್ತ, ಚೌಕದಲ್ಲಿ ಕಾರಂಜಿ ಬೇಕು ಎನ್ನುತ್ತಾರೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹೊಲದ ಮೇಲೆ ಒತ್ತಿದರೆ "ಮಣ್ಣು ದಣಿದಿದೆ" ಎಂದು ಬರುತ್ತದೆ. ಗೊಬ್ಬರ ಹಾಕಿದೆ, ಬೈದೆ, ಮತ್ತೆ ಬಿತ್ತಿದೆ. ಜಪ್ಪಯ್ಯ ಎಂದರೂ ಮೊಳಕೆಯೊಡೆಯಲಿಲ್ಲ. ಎಂಥೆಂಥ ತುಂಟರನ್ನು ದಾರಿಗೆ ತಂದವಳು ನಾನು, ಒಂದು ತುಂಡು ಸುಳ್ಳು ಮಣ್ಣಿನ ಕೈಯಲ್ಲಿ ಸೋತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಿಕ್ಕಮ್ಮನನ್ನು ಕೇಳಿದೆನೆಂದು ಹೇಳು. ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ
ಅಮ್ಮ

ತಾ.ಕ.: ಅಂಚೆಗೆ ಹಾಕಲು ಅಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮೊನ್ನೆ ಬೇರೆ ದಾರಿ ಕಾಣದೆ ಮೂರನೆಯ ಹೊಲವನ್ನು ಖಾಲಿ ಬಿಟ್ಟೆ. ಇವತ್ತು ಒತ್ತಿದರೆ "ಮಣ್ಣು ಚೇತರಿಸಿಕೊಳ್ಳುತ್ತಿದೆ" ಎಂದಿತ್ತು. ಅಷ್ಟು ಓದಿ ಕಣ್ಣು ತುಂಬಿ ಬಂತು. ನಿನಗೆ ನಾನು ಅಂದ ಆ ಮಾತು ತಪ್ಪು. ಬಾ, ನಿನ್ನ ಕೋಣೆಯಲ್ಲಿ ಎಷ್ಟು ದಿನ ಬೇಕೋ ಅಷ್ಟು ದಿನ ಸುಮ್ಮನಿರು; ಮುಂದೇನು ಎಂದು ನಾನು ಕೇಳುವುದಿಲ್ಲ. ಆದರೆ ಬೇಗ ಬಾ, ಬೇಕರಿಯವನು ಗಾಡಿ ಹೇರಿ ಮುಗಿಸಿದ್ದಾನೆ.