ಹೆಚ್ಚಿದ ಬಳೆ

ರಾಯಚೂರು
೧೯೪೪, ಕಾರ್ತಿಕ ಸೋಮವಾರ

ಕಲ್ಲೂರಿನಲ್ಲಿರುವ ನನ್ನ ಹಡೆದವ್ವ ದುರುಗಮ್ಮನಿಗೆ, ನಿನ್ನ ಮಗಳು ಕನಕಮ್ಮ ಕಾಲು ಮುಟ್ಟಿ ಬರೆಯುವುದು.

ಅವ್ವಾ, ಈ ಕಾಗದವನ್ನು ಯಾರ ಕೈಯಲ್ಲೂ ಓದಿಸಬೇಡ. ಪಲ್ಟನ್ನಿಗೆ ಹೋಗುವ ಮುಂಚೆ ಅಪ್ಪ ಒಲೆಬೂದಿಯಲ್ಲಿ ತಿದ್ದಿಸಿದ ಅಕ್ಷರಗಳಿವೆಯಲ್ಲ, ಅವನ್ನೇ ಕೂಡಿಸಿಕೊಂಡು ಓದು. ನಿಧಾನವಾದಷ್ಟೂ ನನಗೆ ಒಳ್ಳೆಯದು.

ರೆಡ್ ಕ್ರಾಸಿನ ಕೆಲಸ ನಡೆದಿದೆ. ಸೆರೆಸಿಕ್ಕ ಸಿಪಾಯಿಗಳ ಮನೆಯ ಹೆಂಗಸರು ದೇವದುರ್ಗದಿಂದ, ಸಿರವಾರದಿಂದ ಬರುತ್ತಾರೆ. ಅವರ ಹೊಟ್ಟೆಯೊಳಗಿನದನ್ನೆಲ್ಲ ನಾನು ಇಪ್ಪತ್ತೈದು ಮಾತಿನಲ್ಲಿ ತುರುಕಬೇಕು. ಅದಕ್ಕಿಂತ ಹೆಚ್ಚು ಒಯ್ಯುವುದಿಲ್ಲವಂತೆ. ಜಾಲಹಳ್ಳಿಯ ಮುದುಕಿಯೊಬ್ಬಳು ಎಮ್ಮೆ ಈದ ಸುದ್ದಿಗೇ ಎಲ್ಲವನ್ನೂ ಮುಗಿಸಿದಳು. ಬೈದೆ, ಬರೆದೂ ಕೊಟ್ಟೆ.

ನಿನ್ನೆ ಸೆರೆಯಿಂದ ಅಪ್ಪನ ಕಾರ್ಡು ಬಂತು. ಹೋದ ವರ್ಷ ನೀನು ಮಾನ್ವಿಯಲ್ಲಿ ಮುನ್ಷಿ ಕುತುಬುದ್ದೀನ್ ಅವರ ಕೈಯಲ್ಲಿ ಬರೆಸಿದ್ದಕ್ಕೆ ಉತ್ತರ. ಆಗ ನಿನ್ನ ಅಳಿಯ ವಾಂತಿಭೇದಿಯಲ್ಲಿ ತೀರಿಕೊಂಡು ತಿಂಗಳಾಗಿತ್ತು. ಬಳೆ ಒಡೆದರೆ ನಾವು ‘ಒಡೀತು’ ಎನ್ನುತ್ತೇವೆಯೇ? ‘ಹೆಚ್ಚಿತು’ ಎನ್ನುತ್ತೇವೆ. ನನ್ನ ಕೈ ಬರಿದಾದದ್ದನ್ನೂ ನೀನು ಅದೇ ಮಾತಿನಲ್ಲಿ ಹೇಳಿದೆ: “ಕನಕಿ ಬಳಿ ಹೆಚ್ಚಿದಾವು ಅಂತ ಬರೀರಿ ಸಾಬ್ರ.” ಹೈದರಾಬಾದಿನಿಂದ ಹೊಸದಾಗಿ ಬಂದವರು, ಪಾಪ, ಅವರಿಗೇನು ಗೊತ್ತು? ಮಗಳ ಕೈತುಂಬ ಬಳೆಗಳಾಗಿವೆ ಎಂದು ಉರ್ದುವಿನಲ್ಲಿ ಬರೆದುಬಿಟ್ಟರು.

ಅಪ್ಪ ಹಿಗ್ಗಿಹೋಗಿದ್ದಾನೆ. ಯಾರಿಂದಲೋ ಉರ್ದುವಿನಲ್ಲೇ ಬರೆಸಿದ್ದಾನೆ, ಆದರೆ ನನಗೆ ಅವನ ದನಿಯೇ ಕೇಳಿಸಿತು: “ಕನಕಿಗೆ ಬಳಿ ಬಾಳ ಆದಾವಂತ. ಇನ್ನ ಬೆಲ್ಲ ಹೆಂಗ ಕದೀತಾಳ? ಸಪ್ಪಳಾಗ್ತದ. ನಾ ಬರೂತನಕ ಒಂದೂ ತೆಗೀಬ್ಯಾಡಂತ ಹೇಳು.”

ನಕ್ಕೆ ಅವ್ವಾ. ನಗುತ್ತಲೇ ಅಳು ಬಂದು ಮೇಜಿಗೆ ತಲೆಯಿಟ್ಟು ಅತ್ತೆ. ನನ್ನ ಗಂಡ ಹೋದಾಗಲೂ ಹೀಗೆ ಅತ್ತಿರಲಿಲ್ಲ. ಸತ್ತ ಅಳಿಯ ಅಪ್ಪನ ಪಾಲಿಗೆ ಇನ್ನೂ ಬದುಕಿಯೇ ಇದ್ದಾನೆ.

ಸಂಜೆ ಸತ್ತಾರ್ ಸಾಬರ ಬಳೆ ಅಂಗಡಿಗೆ ಹೋದೆ. ನನ್ನ ಹಣೆ ನೋಡಿದರು, ಕೈ ನೋಡಿದರು. “ಯಾರಿಗೆ ಬೇಕವ್ವಾ?” ಎಂದರು. “ನಮ್ಮಪ್ಪಗ,” ಎಂದೆ. ನನ್ನ ಎರಡೂ ಕೈಗೆ ಹಸಿರು ಬಳೆ ಇಟ್ಟರು.

ಊರಿಗೆ ಇದೇ ಕೈಯಲ್ಲಿ ಬರುತ್ತೇನೆ. ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಆಡಿಕೊಳ್ಳಲಿ. ನೀನು ಮಾತ್ರ ಬೈಯಬೇಡ.

ಕಾರ್ಡಿನ ಜೊತೆ ಇನ್ನೊಂದು ಕಾಗದವೂ ಬಂದಿದೆ. ಅದನ್ನು ಬರೆಯಲು ಕೈ ಏಳುತ್ತಿಲ್ಲ. ಉಂಡಿದ್ದೀಯಾ? ಉಂಡು ಮುಂದೆ ಓದು.

ನಿನ್ನ ಬೆಲ್ಲಗಳ್ಳಿ,
ಕನಕಿ

ತಾ.ಕ.: ಬೇರೆಯವರ ಮನೆಯ ಇಂಥ ಸುದ್ದಿಯನ್ನು ಎದುರಿಗೆ ಕೂರಿಸಿಕೊಂಡು ಬಾಯಿಂದಲೇ ಹೇಳುತ್ತೇನೆ. ನಿನಗೆ ಹೇಳಲು ನನ್ನಿಂದಾಗಲಿಲ್ಲ. ಕಾರ್ಡು ಬರೆಸಿದ ಮೇಲೆ ಅಪ್ಪನಿಗೆ ಜ್ವರ ಬಂತಂತೆ, ಇಳಿಯಲಿಲ್ಲವಂತೆ. ಅವ್ವಾ, ನಿನ್ನ ಬಳಿನೂ ಹೆಚ್ಚಿದಾವು. ಈ ಕಾಗದದ ಹಿಂದೆಯೇ ನಾನು ಬರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಕೈ ಕೊಡಬೇಡ. ಒಂದೂ ತೆಗೀಬ್ಯಾಡ ಅಂದಾನ, ತಾ ಬರೂತನಕ.