ಕಳ್ಳಿಯ ಬುಡ

ಟಲ್ಲಿ, ಕ್ವೀನ್ಸ್‌ಲ್ಯಾಂಡ್
ಫೆಬ್ರವರಿ ೯, ೧೯೮೬

ಪ್ರೀತಿಯ ಥೆಲ್ಮಾ ಅತ್ತಿಗೆಗೆ ಬೆರಿಲ್ ಮಾಡುವ ನಮಸ್ಕಾರಗಳು.

ನಿಮ್ಮ ಕ್ರಿಸ್‌ಮಸ್ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡಿ. ಈ ಹಾಳು ಮಳೆಗೆ ಲಕೋಟೆಗಳೆಲ್ಲ ತಾವಾಗಿಯೇ ಅಂಟಿಕೊಂಡು ಕೂತಿವೆ. ಒಂದನ್ನು ಕೆಟಲಿನ ಹಬೆಗೆ ಹಿಡಿದು ಬಿಡಿಸಿದೆ.

ಗಾಜಿನ ಮನೆಯಲ್ಲಿ ಫ್ಯಾನು ನಿಲ್ಲಿಸಿಯೇ ಇಲ್ಲ. ಡಿಸೆಂಬರಿನಿಂದ ಒಂದು ಹನಿ ನೀರು ಹಾಕಿಲ್ಲ, ಆದರೂ ಕಳ್ಳಿಗಳು ಕೊಳೆಯುತ್ತಿವೆ. ನಿಮ್ಮ ತಮ್ಮ ಕ್ಲೆಮ್ ಅವರ ಪದ್ಧತಿ ನಿಮಗೆ ಗೊತ್ತಲ್ಲ, ಚಹಾಕ್ಕೂ ಮೊದಲು ಬರಿಗಾಲಲ್ಲಿ ಹೋಗಿ ಒಂದೊಂದು ಗಿಡದ ಬುಡವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುವುದು. ಮೆತ್ತಗಿದ್ದರೆ ಚಾಕು. ಕಲೆಯಿಲ್ಲದ ಬಿಳಿ ತಿರುಳು ಕಾಣುವವರೆಗೂ ಕತ್ತರಿಸುತ್ತಲೇ ಹೋಗಬೇಕು, ಅಯ್ಯೋ ಪಾಪ ಅಂದರೆ ಗಿಡವೇ ಹೋಯಿತು. "ಮೇಲೆ ಹಸಿರಾಗಿರತ್ತೆ ಕಣೇ, ಒಳಗೆ ಸತ್ತಿರತ್ತೆ," ಎಂದು ಮದುವೆಯಾದ ಹೊಸತರಲ್ಲಿ ನನ್ನ ಬೆರಳು ಹಿಡಿದು ಕಲಿಸಿದ್ದರು.

ಈಗ ಅವರು ಬೆಳಿಗ್ಗೆ "ಗಟ್ಟಿಯಾಗಿದೆ" ಅಂದ ಗಿಡ ಮಧ್ಯಾಹ್ನಕ್ಕೆ ಮಗುಚಿ ಬೀಳುತ್ತಿದೆ. ನಿಮ್ಮ ಅಮ್ಮ ನೆಟ್ಟ ಆ ದೊಡ್ಡ ಗುಂಡು ಕಳ್ಳಿಯೂ ಹೋಯಿತು. ನಾನು ಒತ್ತಿದೆ, ಬೆರಳು ಒಳಗೇ ಇಳಿಯಿತು.

"ಈಗಷ್ಟೇ ನೋಡಿದೀನಿ, ಕಲ್ಲಿನ ಹಾಗಿತ್ತು! ನೀನೇ ಕದ್ದು ನೀರು ಹಾಕಿರ್ಬೇಕು," ಎಂದು ನನ್ನ ಮೇಲೇ ಹರಿಹಾಯ್ದರು. ಆಗ ಅವರ ಕೈ ನೋಡಿದೆ. ಬೆರಳ ತುಂಬ ಮುಳ್ಳು. ಅದೇ ಕೈಯಲ್ಲಿ ಆರಾಮಾಗಿ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡರು.

"ರೀ, ಚುಚ್ಚಲ್ವಾ?"

"ಜಡ್ಡುಗಟ್ಟಿದ ಕೈ ಇದು. ನೋವಾದ್ರೆ ಮುಳ್ಳಿಗೇ ಆಗ್ಬೇಕು!" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಸಕ್ಕರೆ ಕಾಯಿಲೆಗೆ ಕೊಟ್ಟ ಮಾತ್ರೆಗಳು ಕಪಾಟಿನಲ್ಲಿ ಹಾಗೇ ಬಿದ್ದಿವೆ. ಡಾಕ್ಟರ ಹೆಸರೆತ್ತಿದರೆ, "ನಿಮ್ಮಪ್ಪ ಹೋದ್ರಲ್ಲ ಆಸ್ಪತ್ರೆಗೆ, ವಾಪಸ್ ಬಂದ್ರಾ?" ಅನ್ನುತ್ತಾರೆ. ನೀವು ಅಷ್ಟು ವರ್ಷ ನರ್ಸಾಗಿದ್ದವರು, ಅವರು ಕೇಳುವುದು ನಿಮ್ಮ ಮಾತೊಂದನ್ನೇ. ಹೇಗಾದರೂ ಮಾಡಿ ಬನ್ನಿ ಅತ್ತಿಗೆ, ನನಗೆ ತುಂಬಾ ಭಯವಾಗುತ್ತಿದೆ.

ಹೊಳೆ ರಸ್ತೆಯ ಮೇಲೆ ಹರಿಯುತ್ತಿದೆ. ನೀರಿಳಿದ ದಿನ ಈ ಕಾಗದ ಹೊರಡುತ್ತದೆ. ನಿಮ್ಮನ್ನೂ ಮಕ್ಕಳನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿಮ್ಮ
ಬೆರಿಲ್

ತಾ.ಕ.: ಲಕೋಟೆ ಅಂಟಿಸುವುದರೊಳಗೆ ಇನ್ನೊಂದು ಮಾತು. ಊಟ ಮುಗಿಸಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ, ಕಾಲು ಸ್ಟೂಲಿನ ಮೇಲಿದೆ. ಬಲ ಹಿಮ್ಮಡಿಯಲ್ಲಿ ಒಂದು ಮುಳ್ಳು ಪೂರ್ತಿ ಇಳಿದುಬಿಟ್ಟಿದೆ, ಸುತ್ತ ಕಪ್ಪಾಗಿದೆ. ಅವರೇ ಕಲಿಸಿದ ಹಾಗೆ ಹೆಬ್ಬೆರಳಿನಿಂದ ಒತ್ತಿ ನೋಡಿದೆ ಅತ್ತಿಗೆ. ಮೆತ್ತಗಿದೆ. ಅವರು ಕಣ್ಣೂ ಬಿಡಲಿಲ್ಲ.